ಪೋಲಿಷ್ ಮಾತಾಡಿದ ಗೇಮ್, ಬಾಯಿ ಬಿಡದ ನಾವು!



ಹೋದ ತಿಂಗಳು ನಮ್ಮ ಪ್ರೆಸ್ಸಿಗೆ ಇಬ್ಬರು ಹುಡುಗರು ಬಂದಿದ್ದರು. ಏರಿಯಾದಲ್ಲಿ ಮೊಬೈಲ್ ಗೇಮ್ ಪಂದ್ಯಾವಳಿಯಂತೆ, ಸಾವಿರ ಪಾಂಪ್ಲೆಟ್ ಬೇಕಂತೆ. ಮ್ಯಾಟರ್ ಪೂರ್ತಿ ಇಂಗ್ಲಿಷ್. "ಒಂದು ಸಾಲಾದರೂ ಕನ್ನಡ ಹಾಕ್ರಪ್ಪಾ" ಅಂದೆ. "ಗೇಮ್ ಅಂದ್ಮೇಲೆ ಇಂಗ್ಲಿಷೇ ಅಂಕಲ್, ಕನ್ನಡ ಹಾಕಿದ್ರೆ ಕಾಮಿಡಿ ಆಗುತ್ತೆ" ಎಂದು ನಕ್ಕರು. ದುಡ್ಡು ತಗೊಂಡೆ, ಹೊಡೆದುಕೊಟ್ಟೆ. ಆದರೆ ಆ ನಗು ಇನ್ನೂ ಚುಚ್ಚುತ್ತಿದೆ. ಅವರಿಗೆ ಅಂದು ಹೇಳದ ಕಥೆಯನ್ನು ನಿಮಗೆ ಹೇಳುತ್ತೇನೆ, ಕೇಳಿ.

ಪೋಲೆಂಡ್ ಗೊತ್ತಲ್ಲ? ೧೭೯೫ರಿಂದ ೧೯೧೮ರವರೆಗೆ, ೧೨೩ ವರ್ಷ, ಭೂಪಟದಲ್ಲೇ ಇರದ ದೇಶ! ನೆರೆಯ ಮೂರು ಸಾಮ್ರಾಜ್ಯಗಳು ಹಂಚಿಕೊಂಡು ನುಂಗಿದ್ದವು. ಮುಂದೆ ಕಮ್ಯುನಿಸ್ಟ್ ಆಡಳಿತ. ಅದೂ ೧೯೮೯ರಲ್ಲಿ ಬಿತ್ತು. ಆ ಹೊತ್ತಿನಲ್ಲಿ ವಾರ್ಸಾ ನಗರದ ಕಂಪ್ಯೂಟರ್ ಸಂತೆಯಲ್ಲಿ ಗೇಮ್ ಮಾರುತ್ತಿದ್ದ ಇಬ್ಬರು ಹೈಸ್ಕೂಲ್ ಗೆಳೆಯರು ಮಾರ್ಚಿನ್ ಇವಿನ್ಸ್ಕಿ ಮತ್ತು ಮಿಹಾವ್ ಕಿಚಿನ್ಸ್ಕಿ. ಎಂಥ ಗೇಮ್? ಕದ್ದ ಕಾಪಿ ಸ್ವಾಮಿ, ಕದ್ದ ಕಾಪಿ! ೧೯೯೪ರಲ್ಲಿ ಇಬ್ಬರೂ ಸೇರಿ ಅಸಲಿ ಸಿಡಿ ತರಿಸಿ ಮಾರುವ ಕಂಪನಿ ತೆರೆದರು. ಬಂಡವಾಳ ೨೦೦೦ ಡಾಲರ್, ಒಂದು ಕಂಪ್ಯೂಟರ್, ಗೆಳೆಯನ ಮನೆಯಲ್ಲಿ ಬಿಟ್ಟಿ ಜಾಗ. ಹೆಸರು ಸಿಡಿ ಪ್ರಾಜೆಕ್ಟ್.

ಇವರನ್ನು ಆಡಿಕೊಳ್ಳುವ ಯೋಗ್ಯತೆ ನನಗಿಲ್ಲ. ೨೦೦೪ರ ಸುಮಾರಿಗೆ, ಪ್ರೆಸ್ ಇನ್ನೂ ಅಪ್ಪನ ಕೈಯಲ್ಲಿದ್ದಾಗ, ಫುಟ್‌ಪಾತಿನ ನಕಲಿ ಸಿಡಿಗಳಿಗೆ ರಾತ್ರೋರಾತ್ರಿ ಕವರ್ ಹೊಡೆದುಕೊಟ್ಟವನು ನಾನೇ. ಅಪ್ಪನಿಗೆ ಗೊತ್ತಾದ ದಿನ ಪ್ಲೇಟುಗಳನ್ನು ಮಡಚಿ ಬೀದಿಗೆಸೆದು ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ.

ಹಾಗಾಗಿ ಕಳ್ಳ ಮಾಲಿನ ಮುಂದೆ ಅಸಲಿ ಮಾಲು ಮಾರುವ ಕಷ್ಟ ನನಗೆ ಗೊತ್ತು. ಬೆಲೆಯಲ್ಲಿ ಗೆಲ್ಲಲು ಸಾಧ್ಯವೇ ಇಲ್ಲ. ಇವರು ಗೆದ್ದದ್ದು ಯಾವುದರಲ್ಲಿ? ಭಾಷೆಯಲ್ಲಿ! ೧೯೯೯ರಲ್ಲಿ ಬಾಲ್ಡರ್ಸ್ ಗೇಟ್ ಎಂಬ ದೊಡ್ಡ ಗೇಮನ್ನು ಪೂರ್ತಿ ಪೋಲಿಷ್‌ಗೆ ತಂದರು. ಅದು ನಾಲ್ಕು ಗುಂಡಿ ಒತ್ತುವ ಆಟವಲ್ಲ, ರಾಶಿ ರಾಶಿ ಮಾತಿರುವ ಆಟ. ಅಷ್ಟನ್ನೂ ಅನುವಾದಿಸಿದರು. ಅಗ್ಗದ ದನಿಗಳನ್ನು ಹುಡುಕಲಿಲ್ಲ. ನಿರೂಪಣೆಗೆ ಪ್ಯೋತ್ರ್ ಫ್ರೋಂಚೆವ್ಸ್ಕಿ ಎಂಬ, ದೇಶವೇ ದನಿ ಗುರುತಿಸುವ ನಟನನ್ನು ಕರೆತಂದರು. (ಡಬ್ಬಿಂಗ್ ಬೇಕೋ ಬೇಡವೋ ಎಂದು ನಾವು ದಶಕಗಟ್ಟಲೆ ಜಗಳವಾಡಿದ್ದು ನೆನಪಾದರೆ ನಗಬೇಕೋ ಅಳಬೇಕೋ!) ಪೆಟ್ಟಿಗೆಯೊಳಗೆ ಹಳೆಯ ಚರ್ಮಪತ್ರದಂತೆ ಕಾಣುವ ನಕ್ಷೆ, ನಿಯಮಗಳ ಪುಸ್ತಕ, ಸಂಗೀತದ ಸಿಡಿ. ಪ್ರಿಂಟರಿಗೆ ಈ ಲೆಕ್ಕ ಥಟ್ಟನೆ ಹೊಳೆಯುತ್ತದೆ. ಸಿಡಿಯನ್ನು ಕಳ್ಳ ಹತ್ತು ನಿಮಿಷದಲ್ಲಿ ನಕಲು ಮಾಡಬಲ್ಲ. ಬಣ್ಣದ ನಕ್ಷೆ ಹೊಡೆದು, ಪುಸ್ತಕ ಬೈಂಡ್ ಮಾಡಿ, ಪೆಟ್ಟಿಗೆ ಕಟ್ಟಿ ಫುಟ್‌ಪಾತ್ ರೇಟಿಗೆ ಮಾರುತ್ತಾನೆಯೇ? ಮೊದಲ ದಿನವೇ ೧೮,೦೦೦ ಪೆಟ್ಟಿಗೆ ಖರ್ಚಾಯಿತು!

ಪರರ ಗೇಮಿಗೆ ತಮ್ಮ ನುಡಿ ಕೊಟ್ಟವರಿಗೆ ತಮ್ಮದೇ ಗೇಮ್ ಮಾಡುವ ಹುಚ್ಚು ಹತ್ತಿತು. ೨೦೦೨ರಲ್ಲಿ ವುಜ್ ಎಂಬ ಊರಿನಲ್ಲಿ ಸ್ಟುಡಿಯೋ ತೆರೆದರು. ಕಥೆ ಎಲ್ಲಿಂದ? ಹಾಲಿವುಡ್‌ನಿಂದಲ್ಲ. ಆಂಜೇಯ್ ಸಪ್ಕೋವ್ಸ್ಕಿ ಎಂಬಾತ ಒಂದು ಪೋಲಿಷ್ ಪತ್ರಿಕೆಯ ಕಥಾಸ್ಪರ್ಧೆಗೆ ಬರೆದು, ೧೯೮೬ರಲ್ಲಿ ಅಚ್ಚಾದ ಕಥೆ. ಸಿಕ್ಕಿದ್ದು ಮೂರನೇ ಬಹುಮಾನ! ಅದೇ ಬೆಳೆದು ಕಾದಂಬರಿಗಳ ಸಾಲಾಗಿತ್ತು. ಇಂಗ್ಲಿಷಿನವರು ವಿಚರ್ ಎನ್ನುವುದು ಇದನ್ನೇ. ಆದರೆ ಮೊದಲ ಡೆಮೊ ಎಷ್ಟು ಕೆಟ್ಟದಾಗಿತ್ತೆಂದರೆ ಪರದೇಶದ ಪ್ರಕಾಶಕರು ಮುಖಕ್ಕೇ ಬೇಡವೆಂದರು. ವುಜ್ ಆಫೀಸಿಗೆ ಬೀಗ ಬಿತ್ತು. ವಾರ್ಸಾದಲ್ಲಿ ಮತ್ತೆ ಮೊದಲಿನಿಂದ ಶುರು. ಗೇಮ್ ಹೊರಬಂದದ್ದು ೨೦೦೭ರ ಅಕ್ಟೋಬರಿನಲ್ಲಿ. ಐದು ವರ್ಷದ ತಪಸ್ಸು! ಎರಡನೇ ಭಾಗ ಬಂದ ೨೦೧೧ರಲ್ಲಿ ಪೋಲೆಂಡಿನ ಪ್ರಧಾನಿ ಅದನ್ನು ಅಮೆರಿಕದ ಅಧ್ಯಕ್ಷ ಒಬಾಮಾಗೆ ಉಡುಗೊರೆ ಕೊಟ್ಟರು. ೨೦೧೫ರ ಮೂರನೇ ಭಾಗ ೨೦೨೩ರ ಹೊತ್ತಿಗೆ ಐದು ಕೋಟಿ ಪ್ರತಿ ದಾಟಿತು.

ಇವರೇನೂ ದೇವರಲ್ಲ. ೨೦೨೦ರ ಸೈಬರ್‌ಪಂಕ್ ೨೦೭೭ ಅರೆಬೆಂದ ಅನ್ನವಾಗಿ ಬಂದು, ಸೋನಿ ತನ್ನ ಅಂಗಡಿಯಿಂದಲೇ ತೆಗೆದುಹಾಕಿತು, ಆರು ತಿಂಗಳು ಹೊರಗಿಟ್ಟಿತು. ಕಥೆಗಾರನೂ ಹಕ್ಕನ್ನು ಒಂದೇ ಮೊತ್ತಕ್ಕೆ ಕೊಟ್ಟುಬಿಟ್ಟು, ಆಮೇಲೆ ವಕೀಲರ ಪತ್ರ ಬರೆಸಬೇಕಾಯಿತು. ೨೦೧೯ರಲ್ಲಿ ಹೊಸ ಒಪ್ಪಂದವಾಯಿತೆನ್ನಿ. ಬರೆಯುವ ಹುಡುಗರು ಇದನ್ನು ನೆನಪಿಡಿ.

ಈಗ "ಕನ್ನಡಕ್ಕೆ ಮಾರ್ಕೆಟ್ ಇಲ್ಲ" ಎನ್ನುವ ಹಳೇ ರಾಗ ತೆಗೆಯುತ್ತೀರಾ? ಪೋಲೆಂಡಿನ ಜನಸಂಖ್ಯೆ ನಾಲ್ಕು ಕೋಟಿ ಮುಟ್ಟದು. ೨೦೧೧ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿ ಎಂದವರೇ ೪.೩೭ ಕೋಟಿ! ಅವರ ಕೈಯಲ್ಲಿ ದುಡ್ಡಿತ್ತು ಎನ್ನುತ್ತೀರಾ? ದುಡ್ಡಿದ್ದರೆ ಸಂತೆಯಲ್ಲಿ ಕದ್ದ ಸಿಡಿಗೆ ಯಾಕೆ ಮುಗಿಬೀಳುತ್ತಿದ್ದರು? ನಿಮ್ಮ ಫೋನಿನ ಗೇಮ್ ತೆರೆದು ಭಾಷೆಗಳ ಪಟ್ಟಿ ನೋಡಿ. ಪೋಲಿಷ್ ಬಹಳ ಕಡೆ ಸಿಗುತ್ತದೆ. ಕನ್ನಡ ಹುಡುಕಿ. ಸಿಗದಿದ್ದರೆ ಆ ಕಂಪನಿಗೆ ಒಂದು ಸಾಲು ಬರೆಯಲು ನಿಮಗೇನು ರೋಗ?

ಪೆಟ್ಟಿಗೆಯ ಕಾಲ ಮುಗಿಯಿತು, ಬಲ್ಲೆ. ಆದರೂ ನಿಮ್ಮಲ್ಲಿ ಯಾರಾದರೂ ಕನ್ನಡ ಮಾತಾಡುವ ಗೇಮ್ ಕಟ್ಟಿದರೆ ಪೋಸ್ಟರ್, ನಕ್ಷೆ, ಪುಸ್ತಿಕೆ ಏನೇ ಇರಲಿ, ನನ್ನ ಪ್ರೆಸ್ಸಿಗೆ ತನ್ನಿ. ಪ್ಲೇಟಿನ ಖರ್ಚು, ಕೂಲಿ ನನ್ನದು. ಕಾಗದದ ದುಡ್ಡು ನೀವು ಕೊಡಿ. ಪ್ರೂಫ್ ಮಾತ್ರ ನೀವೇ ಕೂತು ನೋಡಬೇಕು, ಅಲ್ಪಪ್ರಾಣ ಮಹಾಪ್ರಾಣ ತಪ್ಪಿದರೆ ಮಷಿನ್ ಆನ್ ಮಾಡುವುದಿಲ್ಲ.