ಸಿಗಡಿಯ ಜಾಲಿಗೂ ಒಂದು ಡ್ರಾಯಿಂಗ್ ಬೇಕು

ಬೀದರಿನ ಹಳೇ ಊರಲ್ಲಿ ಸೀಖ್ ಕಬಾಬ್ ಸುಡುವ ಸಿಗಡಿ ಇರಲಿ, ಮಳೆಗಾಲದಾಗ ಭಾಲ್ಕಿ, ಔರಾದ್ ಕಡೆ ರಸ್ತೆ ಬದಿ ಮೆಕ್ಕೆಜೋಳದ ತೆನೆ ಸುಡುವ ಸಿಗಡಿ ಇರಲಿ, ಮೊದಲು ಹಾಳಾಗೋ ಪಾರ್ಟ್ ಒಂದೇ: ಕೆಂಡ ಹೊರುವ ತಳದ ಜಾಲಿ. ಅಮೆರಿಕದ ವೆಬರ್ ಗ್ರಿಲ್ಲಿಗಾದರೆ ಮಾಡೆಲ್ ನಂಬರ್ ಹೇಳಿ ಹೊಸದು ತರಿಸಬಹುದು. ನಮ್ಮ ಸಿಗಡಿಗೆ ಮಾಡೆಲ್ಲೂ ಇಲ್ಲ, ನಂಬರೂ ಇಲ್ಲ. ಜಾಲಿ ಸುಟ್ಟು ತೂತಾದ ದಿನ ಕೈಗೆ ಸಿಕ್ಕಿದ್ದೇ ಸ್ಪೇರ್ ಪಾರ್ಟ್: ಕಿಟಕಿಯ ಜಿಐ ಮೆಶ್, ಬೇಲಿ ತಂತಿ, ಹಳೇ ಫ್ರಿಜ್ಜಿನ ರ‍್ಯಾಕ್. ಅದರಾಗ ತಪ್ಪೇನು ಅಂತೀರಾ?

ಜಿಐ ಅಂದರೆ ಸತುವಿನ ಲೇಪ ಕೊಟ್ಟ ಕಬ್ಬಿಣ. (ಬಿದ್ರಿ ಕಲೆಗೆ 2006ರಲ್ಲಿ ಸಿಕ್ಕ ಜಿಐ ಬೇರೆ, ಈ ಜಿಐ ಬೇರೆ. ಆದರೆ ಬಿದ್ರಿಯ ಮೂಲ ಲೋಹವೂ ಸತುವೇ. ಸತುವಿನಿಂದಲೇ ಹೆಸರು ಮಾಡಿದ ಊರಿನವರು ನಾವು, ಸತುವಿನ ಸ್ವಭಾವ ನಮಗೆ ಗೊತ್ತಿರಬೇಕಿತ್ತು.) ಸತು 420 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, 907ಕ್ಕೆ ಕುದಿಯುತ್ತದೆ. ಬ್ಲೋವರ್ ತಿರುಗಿಸಿದ ಇದ್ದಿಲಿಗೆ ಆ ಎರಡನೇ ಅಂಕಿ ದಾಟೋದು ದೊಡ್ಡ ಮಾತಲ್ಲ. ಲೇಪ ಆವಿಯಾಗಿ ಬಿಳಿ ಹೊಗೆಯಾಗುತ್ತದೆ. ಅದನ್ನು ಉಸಿರಾಡಿದರೆ ಕೆಲವು ಗಂಟೆ ಬಿಟ್ಟು ಚಳಿಜ್ವರ, ಕೆಮ್ಮು, ಬಾಯಲ್ಲಿ ಲೋಹದ ರುಚಿ. ವೆಲ್ಡರುಗಳಿಗೆ ಇದು ಹಳೇ ಕಥೆ. ಜಿಐ ಇದ್ದರೆ ಲೇಪ ಉಜ್ಜಿ ತೆಗೆದು ಆಮೇಲೆ ವೆಲ್ಡ್ ಮಾಡ್ರಿ ಅನ್ನೋದು ಅದಕ್ಕೇ. ಒಂದು ತೆನೆ ಕೊಂಡು ಹೋಗೋ ನಮಗಿಂತ, ಸಂಜೆಯಿಂದ ರಾತ್ರಿವರೆಗೆ ಕೆಂಡದ ಮೇಲೆ ಬಗ್ಗಿ ನಿಲ್ಲೋ ಮನುಷ್ಯನ ಎದೆಗೆ ಬೀಳೋ ಹೊಗೆ ಇದು. ಫ್ರಿಜ್ಜಿನ ರ‍್ಯಾಕಿಗೆ ಪ್ಲಾಸ್ಟಿಕ್ ಇರಬಹುದು, ತೀರಾ ಹಳೆಯದಾದರೆ ಕ್ಯಾಡ್ಮಿಯಂ. ಅದನ್ನಂತೂ ಬೆಂಕಿಯ ಹತ್ತಿರ ತರಲೇಬಾರದು.

"ಹಂಗಾದ್ರ ಸ್ಟೇನ್‌ಲೆಸ್ ಹಾಕ್ರಲ್ಲ" ಅಂತಾರೆ ಗೆಳೆಯರು. ಯಾವ ಸ್ಟೇನ್‌ಲೆಸ್? 304ರಲ್ಲಿ ಸುಮಾರು 18% ಕ್ರೋಮಿಯಂ, 8% ನಿಕಲ್ ಇರುತ್ತದೆ. 202ರಲ್ಲಿ ನಿಕಲ್ ಕಡಿಮೆ, ಮ್ಯಾಂಗನೀಸ್ ಜಾಸ್ತಿ, ರೇಟೂ ಕಡಿಮೆ. ಎರಡಕ್ಕೂ ಅಯಸ್ಕಾಂತ ಅಂಟುವುದಿಲ್ಲ, ಹಾಗಾಗಿ ಆ ಟೆಸ್ಟ್ ನಂಬಬೇಡಿ. ದುಡ್ಡಿದ್ದರೆ ಸೀಖುಗಳಿಗೆ 304 ಹಾಕಲಿ. ಕೆಂಡದ ಜಾಲಿಗೆ ಲೇಪವಿಲ್ಲದ 8 ಮಿಮೀ ಎಂಎಸ್ ಸರಳೇ ಸಾಕು ಅನ್ನೋದು ನಮ್ಮ ವಾದ. ತುಕ್ಕು ಹಿಡಿಯುತ್ತೆ, ಹೌದು. ಆದರೆ ತೆಳು ಮೆಶ್‌ನಂತೆ ಬೇಗ ಸುಟ್ಟು ತೂತಾಗುವುದಿಲ್ಲ, ಸುಟ್ಟಾಗ ವಿಷವನ್ನೂ ಬಿಡುವುದಿಲ್ಲ. ಸಿವಿಲ್‌ನವರು ಬಾಯಿಪಾಠ ಮಾಡಿರೋ ವ್ಯಾಸದ ವರ್ಗ ಭಾಗಿಸು 162 ಸೂತ್ರ ಹಾಕಿ: ಮೀಟರಿಗೆ 0.395 ಕೆಜಿ. 600 ಮಿಮೀ ಉದ್ದ, 300 ಮಿಮೀ ಅಗಲದ ಜಾಲಿಗೆ 20 ಮಿಮೀಗೊಂದು ಸರಳು ಇಟ್ಟರೆ ಒಟ್ಟು ಸುಮಾರು 4 ಕೆಜಿ ಕಬ್ಬಿಣ. ಅಷ್ಟೇ.

ಇನ್ನೊಂದು ವಿಷಯ, ಜಾಲಿಯನ್ನು ಪೆಟ್ಟಿಗೆಗೆ ಸೇರಿಸಿ ವೆಲ್ಡ್ ಹೊಡೆಯಬೇಡಿ. 600 ಮಿಮೀ ಉದ್ದದ ಉಕ್ಕು 600 ಡಿಗ್ರಿ ಏರಿದರೆ 4 ಮಿಮೀಗೂ ಹೆಚ್ಚು ಹಿಗ್ಗುತ್ತದೆ. ಜಾಗ ಸಿಗದಿದ್ದರೆ ಡೊಂಕಾಗುತ್ತದೆ. ಒಳಗೆ ನಾಲ್ಕು ಆಂಗಲ್ ತುಂಡು ಕೂರಿಸಿ ಅವುಗಳ ಮೇಲೆ ಸುಮ್ಮನೆ ಇಟ್ಟರಾಯಿತು, ಮುಂದಿನ ಸಲ ಬದಲಿಸಲೂ ಸುಲಭ. ರಾತ್ರಿ ಬೂದಿ ಕೊಡವಬೇಕು, ಹಸಿ ಬೂದಿ ತಗಡನ್ನು ತಿನ್ನುತ್ತದೆ. ಕೆಂಪಗೆ ಕಾದ ಜಾಲಿಗೆ ನೀರು ಸುರಿಯೋ ಅಭ್ಯಾಸ ಬಿಡಬೇಕು.

ಫಸ್ಟ್ ಇಯರ್‌ನಲ್ಲಿ ನಾವೆಲ್ಲ ಎಂಎಸ್ ತುಂಡು ಉಜ್ಜಿ ಉಜ್ಜಿ ವಿ-ಜಾಯಿಂಟ್ ಮಾಡಿದ್ದೇವೆ. ಮಾರ್ಕ್ಸ್ ಬಿದ್ದ ಮೇಲೆ ಅದು ಸ್ಕ್ರ್ಯಾಪಿಗೆ. ವೆಲ್ಡಿಂಗ್ ಎಕ್ಸರ್ಸೈಜಿನಲ್ಲಿ ಒಂದನ್ನು ಸಿಗಡಿ ಜಾಲಿ ಮಾಡಿ ಅಂತ ನಮ್ಮ ಮೆಕ್ಯಾನಿಕಲ್ ವಿಭಾಗವನ್ನು ಕೇಳುತ್ತಿದ್ದೇವೆ. ಸರಳಿನ ದುಡ್ಡು ಸಿಗಡಿಯವರು ಕೊಡಲಿ, ಕೈಕೆಲಸ ನಮ್ಮದು. ಅಳತೆಗೆ ಭಾಲ್ಕಿ, ಔರಾದಿಂದ ದಿನಾ ಬಸ್ಸಿಗೆ ಬರೋ ಹುಡುಗರು ನಮ್ಮಲ್ಲೇ ಇದ್ದಾರೆ. ಟೇಪ್ ಹಿಡಿದು ಪೆಟ್ಟಿಗೆಯ ಒಳಗಿನ ಅಳತೆ ತನ್ನಿ, ಹೊರಗಿನದ್ದಲ್ಲ. ಪ್ರತಿ ಬದಿಗೂ 5 ಮಿಮೀ ನಾವೇ ಕಳೆದುಕೊಳ್ತೀವಿ.