ಬಿತ್ತನೆಯ ಬೀಜ ಮತ್ತು ಜಾತ್ರೆಯ ಹೋರಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳದು ಮೋಡವನ್ನು ನೋಡಿ ನೇಗಿಲು ಹೂಡುವ ಬಾಳು. ಕಡಲೆಕಾಯಿ ಬೆಳೆಯುವ ಇಲ್ಲಿಯ ಒಕ್ಕಲು ಮನೆಗಳಲ್ಲಿ ಬರೆದಿಡದ ಶಾಸನವೊಂದುಂಟು: ಬಿತ್ತನೆಗೆಂದು ಎತ್ತಿಟ್ಟ ಕಾಯಿಗೆ, ಎಂಥ ಕಷ್ಟ ಬಂದರೂ, ಕೈಯಿಡಕೂಡದು. ಆದರೆ ದನಗಳ ಜಾತ್ರೆಯಲ್ಲಿ ಮೈ ತುಂಬಿದ ಹಳ್ಳಿಕಾರ್ ಹೋರಿಯೊಂದು ಕಣ್ಣಿಗೆ ಬಿದ್ದಾಗ ಈ ಶಾಸನವನ್ನು ಪಾಲಿಸುವುದು ಸುಲಭವಲ್ಲ. ಬೀಜವನ್ನು ಮಾರಿ ಹೋರಿಯನ್ನು ತಂದರೆ ಉಳುವುದಕ್ಕೆ ಬಲ ಬಂದೀತು, ಬಿತ್ತುವುದಕ್ಕೆ ಬೀಜವಿರದು; ಬೀಜವನ್ನೇ ಕಾದು ಕುಳಿತರೆ ಹದ ತಪ್ಪಿದ ಹೊಲದಲ್ಲಿ ಆ ಬೀಜವೂ ವ್ಯರ್ಥ. ಎರಡರ ನಡುವಣ ಈ ತೂಗಾಟ ಬೇಸಾಯದಷ್ಟೇ ಹಳೆಯದು.

ಹಣ ತೊಟ್ಟು ತಂಡ ಕಟ್ಟುವ ಪದ್ಧತಿ ಬಂದ ಮೇಲೆ ಇದೇ ತೂಗಾಟ ಆಟದ ಅಂಗಳಕ್ಕೂ ಬಂದಿದೆ. ಹೆಸರಾಂತ ಒಬ್ಬನನ್ನು ಪಡೆಯಲು ಹೆಸರಿಲ್ಲದ ಹಲವರ ಅವಕಾಶವನ್ನು ತೆರಬಹುದೇ? ಇಂದಿನ ಗೆಲುವಿಗೆ ನಾಳಿನ ತಂಡವನ್ನು ಒತ್ತೆಯಿಡುವುದು ವಿವೇಕವೇ? ಪ್ರತಿ ವರ್ಷ ಕಬಡ್ಡಿ ಹರಾಜು ನಡೆದಾಗಲೆಲ್ಲ ಬೆಂಗಳೂರಿನ ತಂಡದ ಅಭಿಮಾನಿಗಳು ಈ ಪ್ರಶ್ನೆಯನ್ನು ಕೇಳುತ್ತಾರೆ. ಅದನ್ನು ಅಭಿಮಾನದ ಬಿಸಿಯಿಂದ ತುಸು ದೂರವಿಟ್ಟು ವಿವೇಚಿಸುವುದು ಈ ಲೇಖನದ ಉದ್ದೇಶ.

ಈ ಲೆಕ್ಕಾಚಾರವನ್ನು ಅತ್ಯಂತ ನಿಷ್ಠುರವಾಗಿ ನಡೆಸುವವರು ಅಮೆರಿಕದವರು. ಅವರು ಫುಟ್‌ಬಾಲ್ ಎಂದು ಕರೆಯುವ ಆಟದಲ್ಲಿ ಚೆಂಡು ಕಾಲಿಗಿಂತ ಕೈಯಲ್ಲಿಯೇ ಹೆಚ್ಚು ಸಂಚರಿಸುತ್ತದೆ. ದೂರದಿಂದ ಎಸೆದ ಚೆಂಡನ್ನು ಓಡುತ್ತಲೇ ಹಿಡಿದು ಮುನ್ನುಗ್ಗುವ ಆಟಗಾರನನ್ನು ರಿಸೀವರ್ ಎನ್ನುತ್ತಾರೆ. ಜನ ಅವನನ್ನು ನೋಡಲೆಂದೇ ಬರುತ್ತಾರೆ. ಕಾಲೇಜುಗಳಿಂದ ಹೊರಬರುವ ತರುಣರನ್ನು ವರ್ಷಕ್ಕೊಮ್ಮೆ ಸರದಿಯ ಪ್ರಕಾರ ಆರಿಸಿಕೊಳ್ಳುವ ಹಕ್ಕು ಅಲ್ಲಿ ಪ್ರತಿ ತಂಡಕ್ಕೂ ಇದೆ. ಹಿಂದಿನ ವರ್ಷ ಸೋತು ಕೆಳಗಿಳಿದವರಿಗೆ ಮೊದಲ ಸರದಿ. ದುರ್ಬಲನೂ ತಲೆಯೆತ್ತಲಿ ಎಂಬುದು ಅದರ ಆಶಯ. ಆದರೆ ಈ ಹಕ್ಕನ್ನು ಮಾರಬಹುದು, ವಿನಿಮಯ ಮಾಡಿಕೊಳ್ಳಬಹುದು. ಹೀಗಾಗಿ ಇನ್ನೂ ಮುಖವನ್ನೇ ಕಾಣದ ಹುಡುಗರು, ಬರಲಿರುವ ವರ್ಷಗಳ ಹುಡುಗರು ಸಹ, ಇಂದಿನ ವ್ಯಾಪಾರದ ನಾಣ್ಯವಾಗುತ್ತಾರೆ.

ಆ ವ್ಯಾಪಾರದ ಫಲ ಒಂದೇ ತೆರನಾಗಿಲ್ಲ. 1989ರಲ್ಲಿ ಮಿನೆಸೋಟದ ತಂಡವು ಹರ್ಷೆಲ್ ವಾಕರ್ ಎಂಬ ಓಟಗಾರನೊಬ್ಬನಿಗಾಗಿ ಡಲ್ಲಾಸ್ ತಂಡಕ್ಕೆ ಆಯ್ಕೆಯ ಹಕ್ಕುಗಳ ದೊಡ್ಡ ಗಂಟನ್ನೇ ಕೊಟ್ಟಿತು. ಆ ವರ್ಷ 16 ಪಂದ್ಯಗಳಲ್ಲಿ ಒಂದನ್ನು ಮಾತ್ರ ಗೆದ್ದಿದ್ದ ಡಲ್ಲಾಸ್, ಆ ಹಕ್ಕುಗಳ ಬಲದಿಂದ ತಂಡ ಕಟ್ಟಿ 1992, 1993 ಮತ್ತು 1995ರ ಋತುಗಳಲ್ಲಿ ಪ್ರಶಸ್ತಿ ಪಡೆಯಿತು. 2022ರಲ್ಲಿ ಕ್ಯಾನ್ಸಸ್ ಸಿಟಿ ತಂಡ ತನ್ನ ಮಿಂಚಿನ ವೇಗದ ರಿಸೀವರ್ ಟೈರೀಕ್ ಹಿಲ್‌ನನ್ನು ಮಯಾಮಿಗೆ ಬಿಟ್ಟುಕೊಟ್ಟು ಐದು ಹಕ್ಕುಗಳನ್ನು ಪಡೆಯಿತು. ಆ ಋತುವಿನಲ್ಲಿಯೂ ಮರು ಋತುವಿನಲ್ಲಿಯೂ ಪ್ರಶಸ್ತಿ ಕ್ಯಾನ್ಸಸ್ ಸಿಟಿಯ ಪಾಲಾಯಿತು. ಇಷ್ಟನ್ನೇ ನೋಡಿದರೆ ಬೀಜ ಮಾರಿದವನು ಮೂರ್ಖ ಎಂದು ತೀರ್ಪು ಕೊಡಬಹುದು. ಆದರೆ ಅದೇ 2022ರಲ್ಲಿ ಫಿಲಡೆಲ್ಫಿಯ ತಂಡ ಎರಡು ಹಕ್ಕುಗಳನ್ನು ತೆತ್ತು ಎ. ಜೆ. ಬ್ರೌನ್ ಎಂಬ ರಿಸೀವರನ್ನು ತಂದಿತು. ಮೊದಲ ಋತುವಿನಲ್ಲಿಯೇ ಅಂತಿಮ ಪಂದ್ಯಕ್ಕೆ ಏರಿತು, 2025ರ ಫೆಬ್ರವರಿಯಲ್ಲಿ ಪ್ರಶಸ್ತಿಯನ್ನೂ ಗೆದ್ದಿತು. ತೆತ್ತವರಲ್ಲಿ ಒಬ್ಬರು ಕೆಟ್ಟರು, ಒಬ್ಬರು ಬದುಕಿದರು. ಭೇದವೆಲ್ಲಿದೆ?

ಭೇದವನ್ನು ಕಾಣಲು ಅಷ್ಟು ದೂರ ಹೋಗಬೇಕಾಗಿಲ್ಲ. ನಮ್ಮ ಪ್ರೊ ಕಬಡ್ಡಿ ಲೀಗ್ 2014ರಲ್ಲಿ ಆರಂಭವಾಯಿತು. ಇಲ್ಲಿ ಆಯ್ಕೆಯ ಹಕ್ಕಿನ ಮಾರಾಟವಿಲ್ಲ. ಆದರೆ ಪ್ರತಿ ತಂಡದ ಹಮ್ಮಿಣಿಗೂ ಗಂಟು ಬಿಗಿದಿದ್ದಾರೆ. 2022ರ ಹರಾಜಿನಲ್ಲಿ ಇಡೀ ತಂಡಕ್ಕೆ 4.4 ಕೋಟಿ, 2023ರಲ್ಲಿ 5 ಕೋಟಿ ರೂಪಾಯಿ. ಅದಕ್ಕೆ ಮೀರಿ ಖರ್ಚು ಮಾಡುವಂತಿಲ್ಲ. ಒಬ್ಬ ದಾಳಿಗಾರನಿಗೆ ಅರ್ಧ ಸುರಿದರೆ ಉಳಿದವರೆಲ್ಲರೂ ಮಿಕ್ಕ ಅರ್ಧದಲ್ಲಿ ಬರಬೇಕು. ಹೆಸರು ಬೇರೆಯಾದರೂ ವ್ಯಾಪಾರ ಒಂದೇ.

2022ರ ಆಗಸ್ಟಿನಲ್ಲಿ ಪವನ್ ಸೆಹ್ರಾವತ್ ಬೆಂಗಳೂರು ಬುಲ್ಸ್ ತಂಡದಿಂದ ತಮಿಳ್ ತಲೈವಾಸ್ ತಂಡಕ್ಕೆ 2.26 ಕೋಟಿಗೆ ಹೋದಾಗ ಇಲ್ಲಿಯ ಅಭಿಮಾನಿಗಳು ಹಲುಬಿದರು. ತಲೈವಾಸ್ ತನ್ನ ಹಮ್ಮಿಣಿಯ ಅರ್ಧಕ್ಕಿಂತ ಹೆಚ್ಚನ್ನು ಆತನೊಬ್ಬನ ಮೇಲೆ ಹೂಡಿತ್ತು. ಅಕ್ಟೋಬರಿನಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿಯೇ ನಡೆದ ತನ್ನ ಮೊದಲ ಪಂದ್ಯದಲ್ಲಿ ಪವನ್ ಮಂಡಿಗೆ ಪೆಟ್ಟು ತಗುಲಿ ಕುಸಿದರು. ಆ ಋತುವಿನಲ್ಲಿ ಮತ್ತೆ ಆಡಲಿಲ್ಲ. ಮುಂದೆ ನಡೆದುದು ವಿಚಾರಾರ್ಹ. ಆವರೆಗೆ ಯಾರೂ ಅರಿಯದಿದ್ದ ನರೇಂದರ್ ಎಂಬ ತರುಣ ಆ ಹೊರೆಯನ್ನು ಹೊತ್ತ; ತಲೈವಾಸ್ ತನ್ನ ಚರಿತ್ರೆಯಲ್ಲಿ ಮೊದಲ ಬಾರಿಗೆ ಸೆಮಿಫೈನಲ್ ಮುಟ್ಟಿತು. ಇತ್ತ ಬುಲ್ಸ್ ಪಾಳಯದಲ್ಲಿ ಭರತ್ ಎಂಬ ಇನ್ನೊಬ್ಬ ತರುಣ ಆ ಋತುವಿನ ಅಗ್ರ ದಾಳಿಗಾರರಲ್ಲಿ ಒಬ್ಬನಾದ. ಪವನ್ ಇಲ್ಲದ ಬುಲ್ಸ್ ಕೂಡ ಸೆಮಿಫೈನಲ್ ಮುಟ್ಟಿತು. ಮರುವರ್ಷ ತೆಲುಗು ಟೈಟನ್ಸ್ 2.605 ಕೋಟಿ ತೆತ್ತು ಪವನ್ ಅವರನ್ನು ಕೊಂಡಿತು. ಅವರು ಚೆನ್ನಾಗಿಯೇ ಆಡಿದರು. ತಂಡ ಮಾತ್ರ 22 ಪಂದ್ಯಗಳಲ್ಲಿ ಎರಡನ್ನು ಗೆದ್ದು ಕಟ್ಟಕಡೆಯ ಸ್ಥಾನದಲ್ಲಿ ನಿಂತಿತು. ದೋಷ ಆಟಗಾರನದಲ್ಲ. ಒಂಟಿ ಎತ್ತಿನಿಂದ ಉತ್ತ ಹೊಲ ಎಷ್ಟಾದೀತು?

ಇದಕ್ಕೆ ಪ್ರತಿಯಾದ ನಿದರ್ಶನವನ್ನೂ ಹೇಳದಿದ್ದರೆ ನ್ಯಾಯವಾಗದು. ಅದೇ 2023ರ ಹರಾಜಿನಲ್ಲಿ ಪುಣೇರಿ ಪಲ್ಟನ್ ಇರಾನಿನ ಮಹಮ್ಮದ್‌ರೆಜಾ ಶಾದ್ಲೂಯಿಗೆ 2.35 ಕೋಟಿ ಕೊಟ್ಟಿತು. ಅದೂ ಹಮ್ಮಿಣಿಯ ಹತ್ತಿರ ಹತ್ತಿರ ಅರ್ಧ. ಆ ತಂಡ 2024ರ ಮಾರ್ಚ್ 1ರಂದು ಪ್ರಶಸ್ತಿ ಗೆದ್ದಿತು. ಮರು ಋತುವಿನಲ್ಲಿ 2.07 ಕೋಟಿಗೆ ಆತನನ್ನು ಕೊಂಡ ಹರಿಯಾಣ ಸ್ಟೀಲರ್ಸ್ ಕೂಡ ಗೆದ್ದಿತು. ಹಾಗಾದರೆ ದೊಡ್ಡ ಬೆಲೆ ತೆರುವುದು ಸರಿಯೇ? ಪುಣೆಯ ತಂಡವನ್ನು ಬಿಡಿಸಿ ನೋಡಿದರೆ ಉತ್ತರ ಸಿಗುತ್ತದೆ. ಅಸ್ಲಂ ಇನಾಮ್‌ದಾರ್, ಮೋಹಿತ್ ಗೋಯತ್ ಮೊದಲಾದವರನ್ನು ಆ ತಂಡ ಎಳೆಯ ವಯಸ್ಸಿನಲ್ಲಿಯೇ ಕರೆತಂದು ಋತುವಿನಿಂದ ಋತುವಿಗೆ ಬೆಳೆಸಿಕೊಂಡಿತ್ತು. ಮನೆಯಲ್ಲಿ ಬೆಳೆದವರಿಗೆ ತೆರಬೇಕಾದ ಹಣ ಕಡಿಮೆ. ಆದಕಾರಣವೇ ಹೊರಗಿನವನೊಬ್ಬನಿಗೆ ಹೆಚ್ಚು ತೆರಲು ಹಮ್ಮಿಣಿಯಲ್ಲಿ ಜಾಗವಿತ್ತು. ಬೀಜವನ್ನು ಉಳಿಸಿಕೊಂಡ ಮನೆಯೇ ಹೋರಿಯನ್ನು ಕೊಳ್ಳಲು ಅರ್ಹವಾದ ಮನೆ. ಫಿಲಡೆಲ್ಫಿಯ ಗೆದ್ದು ಮಿನೆಸೋಟ ಸೋತುದರ ಮರ್ಮವೂ ಬಹುಮಟ್ಟಿಗೆ ಇದೇ: ಒಂದು ತಂಡ ಕಟ್ಟಿ ಮುಗಿದ ಮನೆಗೆ ಕಳಶವಿಟ್ಟಿತು, ಇನ್ನೊಂದು ಕಳಶವನ್ನು ಕೊಳ್ಳಲು ತಳಪಾಯದ ಕಲ್ಲನ್ನೇ ಮಾರಿತು.

ಬೆಂಗಳೂರಿನ ತಂಡದ ಚರಿತ್ರೆಯೂ ಇದೇ ಪಾಠವನ್ನು ಹೇಳುತ್ತದೆ. ಬುಲ್ಸ್ ಪ್ರಶಸ್ತಿ ಗೆದ್ದುದು 2019ರ ಜನವರಿ 5ರಂದು. ಅಂತಿಮ ಪಂದ್ಯದಲ್ಲಿ ಗುಜರಾತಿನ ಎದುರು ಪವನ್ ಒಬ್ಬರೇ 22 ಅಂಕ ತಂದರು. ಆದರೆ ಆ ಋತುವಿಗೆ ಮುಂಚೆ ಅವರು ಅಗ್ರಶ್ರೇಣಿಯ ಹೆಸರಾಗಿರಲಿಲ್ಲ. ಆ ವರ್ಷದ ಅತಿ ದೊಡ್ಡ ಬೆಲೆಯಾದ 1.51 ಕೋಟಿ ಹರಿಯಾಣದ ತಂಡ ಕೊಂಡ ಮೋನು ಗೋಯತ್ ಅವರಿಗೆ ಸಂದಿತ್ತು. ಅದಕ್ಕಿಂತ ಮನಕರಗಿಸುವ ಕಥೆ ಪರ್ದೀಪ್ ನರ್ವಾಲ್ ಅವರದು. 2015ರಲ್ಲಿ ಅವರು ಲೀಗ್‌ಗೆ ಕಾಲಿಟ್ಟದ್ದು ಬುಲ್ಸ್ ತಂಡದಲ್ಲಿ. ಮರು ಋತುವಿಗೆ ಪಟ್ನಾ ಸೇರಿದರು. ಪಟ್ನಾ ಸಾಲಾಗಿ ಮೂರು ಬಾರಿ ಪ್ರಶಸ್ತಿ ಗೆದ್ದಿತು. ಒಂಬತ್ತು ವರ್ಷಗಳ ಅನಂತರ, 2024ರಲ್ಲಿ, ಅವರ ಕಾಲಿನ ವೇಗ ಇಳಿಮುಖವಾಗಿದ್ದಾಗ, ಬುಲ್ಸ್ 70 ಲಕ್ಷ ಕೊಟ್ಟು ಅವರನ್ನು ಮರಳಿ ತಂದಿತು. ಆ ಋತುವಿನಲ್ಲಿ ಬುಲ್ಸ್ ಗೆದ್ದುದು 22ರಲ್ಲಿ ಎರಡು. ಕೈಯಲ್ಲಿದ್ದ ಮೊಳಕೆಯನ್ನು ಗುರುತಿಸದೆ ಬಿಟ್ಟವನು ಮುಂದೆ ಮರದ ನೆನಪಿಗೆ ಬೆಲೆ ಕೊಡಬೇಕಾಗುತ್ತದೆ.

ಖ್ಯಾತನಾಮರನ್ನು ಬೇಕೆನ್ನುವವರ ವಾದದಲ್ಲಿ ಹುರುಳಿಲ್ಲವೆಂದು ಹೇಳುವಂತಿಲ್ಲ. ದಾಳಿಗಾರನ ಹರೆಯ ಅಲ್ಪ. ಗೆಲ್ಲಬಲ್ಲ ತಂಡಕ್ಕೆ ಕಾಲ ಕಾಯುವುದಿಲ್ಲ. ಜನ ಟಿಕೆಟ್ ಕೊಳ್ಳುವುದು ಹೆಸರನ್ನು ನೋಡಿ. ಹತ್ತು ಎಳೆಯರನ್ನು ನಂಬಿದರೆ ಎಂಟು ಮಂದಿ ನಿರಾಶೆಗೊಳಿಸುವುದೂ ಉಂಟು. ಇವೆಲ್ಲ ನಿಜ. ಆದರೆ ಈ ವಾದವು ಒಂದು ಸಂಗತಿಯನ್ನು ಮರೆಯುತ್ತದೆ. ಅಮೆರಿಕದಲ್ಲಿ ಒಂದು ತಂಡ ತನ್ನ ಹಕ್ಕನ್ನು ಮಾರಿದರೆ ಆ ಹಕ್ಕು ಇನ್ನೊಂದು ತಂಡಕ್ಕೆ ಹೋಗುತ್ತದೆಯೇ ಹೊರತು ಕಾಲೇಜಿನ ಹುಡುಗನ ಅವಕಾಶ ಅಳಿಯುವುದಿಲ್ಲ. ಅವನನ್ನು ಯಾರಾದರೊಬ್ಬರು ಆರಿಸಿಕೊಂಡೇ ತೀರುತ್ತಾರೆ. ನಮ್ಮಲ್ಲಿ ಆ ಏಣಿಯಿಲ್ಲ. ಇಲ್ಲಿ ತಂಡವೊಂದು ಎಳೆಯರನ್ನು ಹುಡುಕುವ ಶ್ರಮವನ್ನು ಬಿಟ್ಟರೆ ಆ ಎಳೆಯ ಯಾರ ಕಣ್ಣಿಗೂ ಬೀಳದೆ ಉಳಿಯಬಹುದು.

ಈ ಮಾತನ್ನು ನಾಲ್ಕು ತಾಲ್ಲೂಕುಗಳಿಗೆ ಅನ್ವಯಿಸಿ ನೋಡೋಣ. ತುಮಕೂರು ಜಿಲ್ಲೆಯೊಳಗೆ ಇವು ನಾಲ್ಕೂ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎನಿಸಿವೆ. ಶಾಲಾ ಕ್ರೀಡಾಕೂಟಗಳ ಕಾಲ ಬಂದಾಗ ಇಲ್ಲಿಯ ಹುಡುಗರು ಹೋಬಳಿಯಲ್ಲಿ ಗೆದ್ದು ತಾಲ್ಲೂಕಿಗೆ, ತಾಲ್ಲೂಕಿನಲ್ಲಿ ಗೆದ್ದು ಜಿಲ್ಲೆಗೆ, ಅಲ್ಲಿಂದ ವಿಭಾಗಕ್ಕೆ, ರಾಜ್ಯಕ್ಕೆ ಏರಬೇಕು. ಮೂರು ದಿಕ್ಕಿಗೂ ಆಂಧ್ರದ ಗಡಿಯಿರುವ ಪಾವಗಡದ ಹಳ್ಳಿಯೊಂದರ ಹುಡುಗನಿಗೆ ಮಧುಗಿರಿಯ ಅಂಗಳವೇ ದೂರದ ಊರು. ಕಬಡ್ಡಿಗೆ ಚೆಂಡು ಬೇಡ, ದಾಂಡು ಬೇಡ, ಬೂಟು ಸಹ ಬೇಡ. ಸುಣ್ಣದ ಗೆರೆಯೆಳೆದ ಮಣ್ಣು ಸಾಕು. ಆದುದರಿಂದಲೇ ಅದು ಬಡವರ ಮನೆಯ ಮಕ್ಕಳ ಆಟ. ಆದರೆ ಲೀಗ್ ನಡೆಯುವುದು ಮಣ್ಣಿನ ಮೇಲಲ್ಲ, ಮ್ಯಾಟಿನ ಮೇಲೆ. ಮಣ್ಣಿನಲ್ಲಿ ಪಳಗಿದ ಕಾಲಿಗೆ ಮ್ಯಾಟು ಬೇರೊಂದು ದೇಶ. ಹತ್ತನೆಯ ತರಗತಿ ಮುಗಿದೊಡನೆ ಶಾಲೆಯ ಕ್ರೀಡಾಕೂಟದ ಬಾಗಿಲು ಮುಚ್ಚುತ್ತದೆ. ಮುಂದಿನ ಬಾಗಿಲು ಎಲ್ಲಿದೆಯೆಂದು ಹೇಳುವವರಿಲ್ಲದಿದ್ದರೆ ಆಟವೂ ಅಲ್ಲಿಗೆ ಮುಗಿಯುತ್ತದೆ.

ಕನ್ನಡ ನಾಡಿನಲ್ಲಿ ಕಬಡ್ಡಿಯ ಕಸುವಿಲ್ಲವೆಂದು ಯಾರೂ ಹೇಳಲಾರರು. 2017ರಲ್ಲಿ ಗುಜರಾತ್ ತಂಡವನ್ನು ಅಂತಿಮ ಪಂದ್ಯಕ್ಕೆ ನಡೆಸಿದ ಸುಕೇಶ್ ಹೆಗ್ಡೆ, 2022ರಲ್ಲಿ ಪಟ್ನಾವನ್ನು ಅಂತಿಮ ಪಂದ್ಯಕ್ಕೆ ಏರಿಸಿದ ಪ್ರಶಾಂತ್ ಕುಮಾರ್ ರೈ, 2024ರಲ್ಲಿ ಪುಣೆಯ ಪ್ರಶಸ್ತಿಯ ಹಿಂದಿದ್ದ ತರಬೇತುದಾರ ಬಿ. ಸಿ. ರಮೇಶ್, ಮೂವರೂ ನಮ್ಮವರು. ಮೂವರ ಈ ಯಶಸ್ಸೂ ಪರರಾಜ್ಯದ ತಂಡಗಳ ಖಾತೆಗೆ ಜಮೆಯಾಯಿತು. 2025ರ ಋತುವಿಗೆ ಬುಲ್ಸ್ ತಂಡವು ರಮೇಶ್ ಅವರನ್ನು ತರಬೇತುದಾರರನ್ನಾಗಿ ಕರೆತಂದು ಕಡೆಯ ಸ್ಥಾನದಿಂದ ಮೇಲೆದ್ದಿತು. ಆ ಏಳಿಗೆಯ ಮುಂಚೂಣಿಯಲ್ಲಿದ್ದವರು ಅಲಿರೆಜಾ ಮಿರ್ಜಾಯಿಯಾನ್, ಇಲ್ಲಿಯ ಪ್ರೇಕ್ಷಕರಿಗೆ ಅದಕ್ಕೆ ಮುಂಚೆ ಹೆಚ್ಚು ಪರಿಚಯವಿಲ್ಲದಿದ್ದ ಇರಾನಿನ ಆಟಗಾರ. ಹೆಸರಿಗಿಂತ ಆಯ್ಕೆಯ ಕಣ್ಣು ದೊಡ್ಡದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಆ ಕಣ್ಣು ಇರಾನಿನವರೆಗೆ ಹೋಗಬಹುದಾದರೆ ಬೆಂಗಳೂರಿನಿಂದ ನೂರು ಕಿಲೋಮೀಟರಿನ ಆಸುಪಾಸಿನಲ್ಲಿರುವ ಮಧುಗಿರಿಯವರೆಗೆ ಬರುವುದು ಕಷ್ಟವೇನಲ್ಲ.

ಹಾಗೆಂದು ತಂಡವನ್ನು ಕನ್ನಡಿಗರಿಂದಲೇ ತುಂಬಬೇಕೆಂಬ ಹಠ ನಮ್ಮದಲ್ಲ. ಆಟದ ಅಂಗಳದಲ್ಲಿ ಊರಿಗಿಂತ ಉಸಿರು ಮುಖ್ಯ. ನಾವು ಕೇಳುವುದು ಇಷ್ಟೇ. ಹರಾಜಿನ ದಿನ ಕೈಯೆತ್ತುವ ಮುನ್ನ ತಂಡವು ತನ್ನನ್ನು ತಾನೇ ಎರಡು ಪ್ರಶ್ನೆ ಕೇಳಿಕೊಳ್ಳಲಿ: ಈ ಒಬ್ಬನು ಮೊದಲ ಪಂದ್ಯದಲ್ಲಿಯೇ ಬಿದ್ದರೆ ಹೊರೆ ಹೊರುವ ಎಳೆಯನೊಬ್ಬ ನಮ್ಮಲ್ಲಿದ್ದಾನೆಯೇ? ಮೂರು ವರ್ಷಗಳ ಅನಂತರ ನಮ್ಮ ತಂಡದ ಬೆನ್ನೆಲುಬಾಗುವವರನ್ನು ಈಗಾಗಲೇ ಗುರುತಿಸಿದ್ದೇವೆಯೇ? ಎರಡಕ್ಕೂ ಹೌದೆಂಬ ಉತ್ತರ ಬಂದರೆ ಧಾರಾಳವಾಗಿ ಕೋಟಿ ತೆರಲಿ. ಇಲ್ಲವೆಂದಾದರೆ ಆ ಕೋಟಿ ಪೌರುಷವಲ್ಲ, ಸಾಲ. ಅದನ್ನು ತೀರಿಸುವವರು ಮುಂದಿನ ಋತುಗಳ ಆಟಗಾರರು.

ಸರ್ಕಾರ ಮಾಡಬೇಕಾದ ಕೆಲಸವೂ ಇದೆ. ಪ್ರತಿ ಶೈಕ್ಷಣಿಕ ಜಿಲ್ಲೆಗೆ ಒಂದು ಮ್ಯಾಟು, ಅದನ್ನು ಕಾಯುವ ಒಂದು ಸೂರು, ಗೆದ್ದ ಹುಡುಗರ ಹೆಸರನ್ನು ಕ್ರೀಡಾ ವಸತಿ ನಿಲಯಗಳಿಗೂ ತಂಡಗಳಿಗೂ ತಲುಪಿಸುವ ಒಂದು ಕ್ರಮ. ಇವು ಒಬ್ಬ ಖ್ಯಾತ ದಾಳಿಗಾರನ ಒಂದು ಋತುವಿನ ಬೆಲೆಯನ್ನು ಮೀರುವಂಥ ಖರ್ಚಿನ ಮಾತುಗಳಲ್ಲ. ಹೋಬಳಿಯ ಅಂಗಳದಲ್ಲಿ ಬಿಸಿಲಿಗೆ ಮೈಯೊಡ್ಡಿ ಸೀಟಿ ಊದುವ ದೈಹಿಕ ಶಿಕ್ಷಣ ಶಿಕ್ಷಕನಿಗೆ ಯಾವ ಹುಡುಗನ ಕಾಲಿನಲ್ಲಿ ಕಸುವಿದೆಯೆಂಬುದು ಗೊತ್ತೇ ಇರುತ್ತದೆ. ಅವನನ್ನು ಹೋಗಿ ಕೇಳುವವರು ಮಾತ್ರ ಬೇಕಾಗಿದ್ದಾರೆ.