ಡಿಎಲ್ ಫಾರಂ ನಾವೇ ತುಂಬೋಣ

ಹಾಸ್ಟೆಲಿನ ನಾವು ನಾಲ್ಕು ಜನ ಒಂದೇ ದಿನ ಡ್ರೈವಿಂಗ್ ಲೈಸೆನ್ಸ್‌ಗೆ ಅರ್ಜಿ ಹಾಕಿದೆವು. ಹಾಕಿದೆವು ಅನ್ನೋದು ಸುಳ್ಳು, ಹಾಕಿಸಿದೆವು. ಸೈಬರ್ ಅಂಗಡಿಯ ಅಣ್ಣ "ಆಧಾರ್ ಕೊಡಿ, ಮಾರ್ಕ್ಸ್ ಕಾರ್ಡ್ ಕೊಡಿ, ಉಳಿದಿದ್ದು ನಾನ್ ನೋಡ್ಕೋತೀನಿ" ಅಂದ. ನಾವು ಎದುರಿನ ಹೋಟೆಲಿನಲ್ಲಿ ಟೀ ಕುಡಿದು ಬರುವಷ್ಟರಲ್ಲಿ ನಾಲ್ಕೂ ಅರ್ಜಿ ರೆಡಿ. ತೋರಿಸಿದ ಕಡೆ ಸಹಿ ಹಾಕಿ ಬಂದೆವು.

ಅದರ ಫಲ ಗೊತ್ತಾಗಿದ್ದು ಲೈಸೆನ್ಸ್ ಕೈಗೆ ಬಂದ ಮೇಲೆ. ಕಾರ್ಡುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ನಾಲ್ವರದ್ದೂ ರಕ್ತದ ಗುಂಪು ಓ ಪಾಸಿಟಿವ್! ನಮ್ಮಲ್ಲಿ ಒಬ್ಬ ಬಿ ನೆಗೆಟಿವ್ ಅಂತ ಕಾಲೇಜಿನ ರಕ್ತದಾನ ಶಿಬಿರದಲ್ಲೇ ಗೊತ್ತಾಗಿತ್ತು. ಆಸ್ಪತ್ರೆಯವರು ಪರೀಕ್ಷೆ ಮಾಡದೆ ರಕ್ತ ಕೊಡುವುದಿಲ್ಲ, ನಿಜ. ಆದರೆ ತುರ್ತಿನಲ್ಲಿ ದಾನಿಗಳಿಗಾಗಿ ಫೋನ್ ಮಾಡುವ ಗೆಳೆಯರು ಜೇಬಿನಲ್ಲಿ ಸಿಕ್ಕ ಕಾರ್ಡನ್ನೇ ನಂಬುತ್ತಾರಲ್ಲ? ಇನ್ನೊಬ್ಬ ಪರ್ಸ್ ಕಳೆದುಕೊಂಡು ನಕಲಿ ಪ್ರತಿಗೆ ಅರ್ಜಿ ಹಾಕಲು ಹೋದರೆ ಓಟಿಪಿ ಬರಲೇ ಇಲ್ಲ. ಅರ್ಜಿಯಲ್ಲಿದ್ದ ಮೊಬೈಲ್ ನಂಬರ್ ಅಂಗಡಿಯಣ್ಣನದ್ದು!

ಅಂಗಡಿಯಣ್ಣನನ್ನು ಬೈದು ಪ್ರಯೋಜನವಿಲ್ಲ. ಅವನಿಗೆ ದಿನಕ್ಕೆ ಹತ್ತಾರು ಅರ್ಜಿ, ನಮಗೆ ಇದ್ದದ್ದು ಒಂದೇ. ದಿನವಿಡೀ ಲ್ಯಾಬಿನಲ್ಲಿ ಕೋಡ್ ಬರೆಯುವ ನಾವು, ನಮ್ಮದೇ ಹೆಸರಿನ ಅರ್ಜಿಯನ್ನು ಓದುವ ವ್ಯವಧಾನ ತೋರಿಸಲಿಲ್ಲ. ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟೇ: ಓದು ಬರಹ ಬಲ್ಲವರು ಸಾರಥಿ ಪೋರ್ಟಲ್‌ನಲ್ಲಿ ತಮ್ಮ ಫಾರಂ ತಾವೇ ತುಂಬಬೇಕು. ಅದಕ್ಕೆ ಬೇಕಾಗುವುದು ಒಂದು ಗಂಟೆ, ಮತ್ತೆ ಸ್ವಲ್ಪ ತಾಳ್ಮೆ.

ಎಡವುವ ಜಾಗಗಳು ಕೆಲವೇ. ಮೊದಲನೆಯದು ಹೆಸರು. ಫಾರಂ ಕೇಳುವುದು ಮೊದಲ ಹೆಸರು, ನಡುವಿನ ಹೆಸರು, ಕೊನೆಯ ಹೆಸರು. ನಮ್ಮ ಕಡೆ ಇರುವುದು ಇನಿಷಿಯಲ್. ಎಚ್. ಎಂ. ಸಂತೋಷ ಅಂದರೆ ಎಚ್ ಊರಿನದ್ದು, ಎಂ ಅಪ್ಪನದ್ದು. ಇದರಲ್ಲಿ ಕೊನೆಯ ಹೆಸರು ಯಾವುದು? ತುಂಬುವವರು ತೋಚಿದಂತೆ ಬಿಡಿಸಿ ಬರೆದರೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಒಂದು ಹೆಸರು, ಲೈಸೆನ್ಸ್‌ನಲ್ಲಿ ಇನ್ನೊಂದು. ಆಧಾರ್ ಮೂಲಕ ಅರ್ಜಿ ಹಾಕಿದರೆ ಹೆಸರು, ಹುಟ್ಟಿದ ದಿನ ಅಲ್ಲಿಂದಲೇ ಬರುತ್ತವೆ. ಹಾಗಾಗಿ ಆಧಾರ್‌ನಲ್ಲಿ ತಪ್ಪಿದ್ದರೆ ಮೊದಲು ಅದನ್ನು ಸರಿಮಾಡಿಸಿ.

ಎರಡನೆಯದು ವಾಹನದ ವರ್ಗ. ಗೇರ್ ಇಲ್ಲದ ಸ್ಕೂಟರ್ ಬೇರೆ, ಗೇರ್ ಇರುವ ಬೈಕ್ ಬೇರೆ, ಕಾರು ಬೇರೆ. ಗೇರ್ ಇಲ್ಲದ್ದಕ್ಕೆ ಟಿಕ್ ಹಾಕಿ ಬುಲೆಟ್ ಓಡಿಸಿದರೆ ಕಾನೂನಿನ ಕಣ್ಣಿನಲ್ಲಿ ಅದು ಲೈಸೆನ್ಸ್ ಇಲ್ಲದ ಸವಾರಿ. ಅಪಘಾತವಾದರೆ ವಿಮೆಯವರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದು. ಕಾರು ಕಲಿಯುವ ಆಸೆ ಇದ್ದರೆ ಎಲ್‌ಎಲ್ ಹಂತದಲ್ಲೇ ಅದನ್ನೂ ಸೇರಿಸಿ. ಎಲ್‌ಎಲ್‌ಗೆ ಆರು ತಿಂಗಳ ಅವಧಿ ಇರುತ್ತದೆ. ಪಡೆದು 30 ದಿನ ಕಳೆದ ಮೇಲೆ ಡಿಎಲ್ ಪರೀಕ್ಷೆಗೆ ಹೋಗಬಹುದು. ಸೆಮಿಸ್ಟರ್ ಪರೀಕ್ಷೆಯ ವೇಳಾಪಟ್ಟಿ ನೋಡಿಕೊಂಡು ಅರ್ಜಿ ಹಾಕಿದರೆ ಒಳ್ಳೇದು, ಇಲ್ಲದಿದ್ದರೆ ಅವಧಿ ಮುಗಿದು ಮತ್ತೆ ಮೊದಲಿಂದ ಶುರು.

ಅಂಗಾಂಗ ದಾನದ ಪ್ರಶ್ನೆಯೂ ಅರ್ಜಿಯಲ್ಲಿದೆ. ಹೌದೋ ಇಲ್ಲವೋ, ಉತ್ತರ ನಿಮ್ಮದಾಗಿರಲಿ, ಮನೆಯವರಿಗೂ ಅದು ಗೊತ್ತಿರಲಿ. ನಮ್ಮ ಪರವಾಗಿ ಆ ನಿರ್ಧಾರ ಮಾಡಿದ್ದು ಯಾರು ಅಂತ ನಿಮಗೆ ಹೇಳಬೇಕಿಲ್ಲ.

ಎಲ್ಲಕ್ಕಿಂತ ಮುಖ್ಯ ನಮೂನೆ 1, ಅಂದರೆ ದೈಹಿಕ ಕ್ಷಮತೆಯ ಸ್ವಯಂ ಘೋಷಣೆ. ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ನಂಬರ್ ಪ್ಲೇಟ್ ಕಾಣುತ್ತದೆಯೇ? ರಾತ್ರಿ ಕುರುಡು ಇದೆಯೇ? ಮೂರ್ಛೆ ರೋಗ, ತಲೆ ಸುತ್ತಿ ಬೀಳುವುದು ಇದೆಯೇ? ನಮ್ಮ ನಾಲ್ವರಲ್ಲಿ ಒಬ್ಬನಿಗೆ ಪಿಯುಸಿಯಲ್ಲಿದ್ದಾಗ ಎರಡು ಸಲ ಫಿಟ್ಸ್ ಬಂದಿತ್ತು. ಆ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಲೇ ಇಲ್ಲ. ಫಾರಂನಲ್ಲಿ ಉತ್ತರ "ಇಲ್ಲ" ಅಂತ ಇತ್ತು, ಕೆಳಗೆ ಅವನದೇ ಸಹಿ. ಮೋಟಾರು ವಾಹನ ಕಾಯ್ದೆ 1988ರ ಪ್ರಕಾರ ಸುಳ್ಳು ಮಾಹಿತಿ ಕೊಟ್ಟು ಪಡೆದ ಲೈಸೆನ್ಸ್ ರದ್ದಾಗಬಹುದು. ಕಾನೂನು ಬಿಡಿ, ಅವನ ಹಿಂದಿನ ಸೀಟಿನಲ್ಲಿ ಕೂತು ಘಾಟಿ ಇಳಿದವರು ನಾವೇ.

"ಸರ್ವರ್ ಡೌನ್ ಇರುತ್ತೆ, ಯಾರಿಗೆ ಬೇಕು ತಲೆನೋವು" ಅನ್ನೋರಿದ್ದಾರೆ. ಡೌನ್ ಆಗುತ್ತೆ, ಒಪ್ಪೋಣ. ನಮ್ಮ ರಿಸಲ್ಟ್ ದಿನ ಎಷ್ಟು ಸಲ ರಿಫ್ರೆಶ್ ಒತ್ತುತ್ತೇವೆ ಅಂತ ಒಮ್ಮೆ ನೆನಪಿಸಿಕೊಳ್ಳಿ. ಇಂಗ್ಲಿಷ್ ಬಾರದವರ, ಕಂಪ್ಯೂಟರ್ ಮುಟ್ಟದವರ ಕಷ್ಟ ಬೇರೆ. ಅವರಿಗೆ ಅಂಗಡಿಯೇ ಗತಿ. ಅಲ್ಲಿ ನಮ್ಮ ಕನ್ನಡ ಸಂಘಕ್ಕೊಂದು ಕೆಲಸ ಇದೆ. ಒಂದು ಶನಿವಾರ ಲ್ಯಾಪ್‌ಟಾಪ್ ಹಿಡಿದು ಕೂರೋಣ. ಮೆಸ್ಸಿನವರು, ಸೆಕ್ಯುರಿಟಿ ಅಣ್ಣಂದಿರು ಯಾರಾದರೂ ಲೈಸೆನ್ಸ್ ಮಾಡಿಸಬೇಕಿದ್ದರೆ, ಒಂದೊಂದು ಪ್ರಶ್ನೆಯನ್ನೂ ಕನ್ನಡದಲ್ಲಿ ಓದಿ ಹೇಳಿ, ಅವರ ಉತ್ತರವನ್ನೇ ತುಂಬೋಣ. ನವೆಂಬರ್ ಒಂದರ ಭಾಷಣಕ್ಕಿಂತ ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಆ ಗೆಳೆಯ ಈಗ ಡಾಕ್ಟರ ಬಳಿ ಹೋಗಿ ಬಂದಿದ್ದಾನೆ. ಅವರು ಸರಿ ಅನ್ನುವವರೆಗೆ ಓಡಿಸಲ್ಲ ಅಂತ ಬೈಕಿನ ಕೀ ನಮ್ಮ ಕೈಗೆ ಕೊಟ್ಟಿದ್ದಾನೆ. ಅವನು ಫಾರಂ ಓದಿದ್ದರೆ ಕೀ ಆವತ್ತೇ ಕೊಡುತ್ತಿದ್ದ.